ಪ್ರಾಣಿ ಸಂಬಂಧಿ ನುಡಿಗಟ್ಟುಗಳ ಹಿಂದಿನ ಕಥೆ: ಚೀನೀ ಮತ್ತು ಕನ್ನಡ ಪರಂಪರೆಗಳ ತೌಲನಿಕ ಅಧ್ಯಯನ (ಭೀಮಾ ತೀರದ ಗಾದೆಗಳನ್ನು ಅನುಲಕ್ಷಿಸಿ)

1. ಪೀಠಿಕೆ

ಗಾದೆಗಳ ಸಂಗ್ರಹ ಮತ್ತು ಅಧ್ಯಯನ ಕನ್ನಡ ವಿದ್ವತ್ತಿನ ಹಳೆಯ ಕ್ಷೇತ್ರಗಳಲ್ಲೊಂದು. ಫರ್ಡಿನಾಂಡ್ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿಯೇ ಪದಗಳ ಅರ್ಥನಿರ್ಣಯಕ್ಕೆ ಗಾದೆಗಳನ್ನು ಹೇರಳವಾಗಿ ಆಧಾರ ಮಾಡಿಕೊಂಡಿದ್ದಾರೆ. ಆನಂತರ ಬಂದ ಗಾದೆ ಸಂಕಲನಗಳು ಬಹುಮಟ್ಟಿಗೆ ಅಕಾರಾದಿಯಾಗಿ ಜೋಡಣೆಗೊಂಡವು. ಈ ಕ್ರಮದಿಂದ ಗಾದೆಯನ್ನು ಹುಡುಕುವುದು ಸುಲಭವಾಯಿತು. ಆದರೆ ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳುತ್ತಿದ್ದರು ಎಂಬ ವಿವರ ಸಂಗ್ರಹದಿಂದ ಹೊರಗುಳಿಯಿತು. ಗಾದೆಯ ಹಿಂದೆ ಕಥೆಯೊಂದಿದ್ದರೆ ಅದೂ ಕೈಬಿಟ್ಟುಹೋಯಿತು. ಪರೀಕ್ಷೆಯಲ್ಲಿ ‘ಗಾದೆಯ ಅರ್ಥ ವಿಸ್ತರಿಸಿರಿ’ ಎಂಬ ಪ್ರಶ್ನೆಗೆ ಇಂದು ದೊರೆಯುವ ಉತ್ತರಗಳು ಒಂದೇ ಅಚ್ಚಿನವಾಗಿರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪ್ರತಿಯಾಗಿ ಚೀನೀ ಭಾಷೆಯಲ್ಲಿ ‘ಚೆಂಗ್‌ಯು’ ಎಂಬ ನುಡಿಗಟ್ಟಿನ ಪ್ರಕಾರವೊಂದಿದೆ. ಬಹುಪಾಲು ನಾಲ್ಕೇ ಅಕ್ಷರಗಳ ಈ ನುಡಿಗಟ್ಟುಗಳಲ್ಲಿ ಅನೇಕವು ಒಂದು ಕಥೆಯ ಸಂಕ್ಷೇಪಗಳು. ಕಥೆ ಗೊತ್ತಿಲ್ಲದವರಿಗೆ ಆ ನಾಲ್ಕು ಅಕ್ಷರಗಳು ಅರ್ಧ ಮಾತ್ರ ತಿಳಿಯುತ್ತವೆ. ಹೀಗಾಗಿ ಅಲ್ಲಿ ನುಡಿಗಟ್ಟನ್ನು ಅದರ ಕಥೆಯೊಂದಿಗೇ ಕಲಿಸುವ ಪದ್ಧತಿ ಬೆಳೆದುಬಂದಿದೆ. ಪ್ರಾಣಿಗಳನ್ನು ಕುರಿತ ಕೆಲವು ಚೀನೀ ನುಡಿಗಟ್ಟುಗಳ ಕಥೆಗಳನ್ನು ಕನ್ನಡದ ಸಮಾನ ರೂಪಗಳೊಂದಿಗೆ ಇಟ್ಟು ನೋಡಿ, ನುಡಿಗಟ್ಟಿನ ಅರ್ಥವು ಎಲ್ಲಿ ನೆಲೆಗೊಂಡಿರುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅರ್ಥವು ಪ್ರಾಣಿಯ ಚಿತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ಚಿತ್ರವನ್ನು ಬಳಸಿದ ಸಂದರ್ಭದಲ್ಲಿರುತ್ತದೆ ಎಂಬುದು ಇಲ್ಲಿಯ ಪ್ರತಿಪಾದನೆ.

2. ಅಧ್ಯಯನದ ಪ್ರದೇಶ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಈ ಅಧ್ಯಯನದ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಈ ಪ್ರದೇಶ 1948ರವರೆಗೆ ನಿಜಾಮನ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡ ನಾಡನ್ನು ಸೇರಿತು. ಉರ್ದು ಬಹುಕಾಲ ಆಡಳಿತದ ಮತ್ತು ಶಾಲೆಯ ಭಾಷೆಯಾಗಿತ್ತು. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿರುವುದರಿಂದ ಮರಾಠಿಯ ಬಳಕೆಯೂ ಇದೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನ ಹೆಸರು ಕೂಡ ಈ ಬಹುಭಾಷಿಕ ಚರಿತ್ರೆಯ ಗುರುತನ್ನು ಹೊತ್ತಿದೆ. ಕನ್ನಡ, ದಖನಿ ಮತ್ತು ಮರಾಠಿ ಎದುರುಬದುರಾಗುವ ಇಂಥ ಕಡೆ ಒಂದೇ ಭಾವಕ್ಕೆ ಮೂರು ಭಾಷೆಯ ಮೂರು ಪ್ರಾಣಿಗಳು ಸಿಗುತ್ತವೆ. ಆದುದರಿಂದ ತೌಲನಿಕ ಅಧ್ಯಯನವನ್ನು ಇಲ್ಲಿ ಹೊರಗಿನಿಂದ ಹೇರಬೇಕಾಗಿಲ್ಲ. ಅದು ಜನರ ಬಾಯಲ್ಲಿ ದಿನವೂ ನಡೆಯುತ್ತಿರುವ ಕ್ರಿಯೆ.

3. ಕೋಣ, ಕಿನ್ನರಿ ಮತ್ತು ಚೀನೀ ಹಸು

‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬುದು ಕನ್ನಡದ ಅತ್ಯಂತ ಪರಿಚಿತ ಗಾದೆ. ಇದೇ ಪ್ರದೇಶದ ಉರ್ದು ಮಾತುಗಾರರು ‘ಭೈಂಸ್ ಕೇ ಆಗೇ ಬೀನ್ ಬಜಾನಾ’ ಎನ್ನುತ್ತಾರೆ. ಎಮ್ಮೆ ಮೆಲುಕು ಹಾಕುತ್ತ ನಿಂತಿತೆಂಬ ಉತ್ತರಾರ್ಧವೂ ಅದಕ್ಕುಂಟು. ಮರಾಠಿಯಲ್ಲಿ ‘ಗಾಢವಾಪುಢೆ ವಾಚಲೀ ಗೀತಾ, ಕಾಲಚಾ ಗೋಂಧಳ ಬರಾ ಹೋತಾ’ ಎಂದಿದೆ. ಕತ್ತೆಯ ಮುಂದೆ ಗೀತೆಯನ್ನು ಓದಿದರೆ, ‘ನಿನ್ನೆಯ ಗೊಂದಲವೇ ಚೆನ್ನಾಗಿತ್ತು’ ಎಂದಿತಂತೆ. ಇಲ್ಲಿ ಗೊಂದಲವೆಂದರೆ ದೇವಿಯ ಹೆಸರಿನಲ್ಲಿ ರಾತ್ರಿಯಿಡೀ ನಡೆಯುವ ಹಾಡು-ಕುಣಿತದ ಸೇವೆ.

ಚೀನೀ ನುಡಿಗಟ್ಟು ‘ದುಯಿ ನಿಯು ಥಾನ್ ಛಿನ್’, ಅಂದರೆ ‘ಹಸುವಿನ ಎದುರು ಛಿನ್ ನುಡಿಸುವುದು’. ‘ನಿಯು’ ಎಂಬ ಪದ ಎತ್ತು, ಆಕಳು ಎರಡಕ್ಕೂ ಸಲ್ಲುತ್ತದೆ. ಛಿನ್ ಎಂಬುದು ಏಳು ತಂತಿಗಳ ವಾದ್ಯ. ಇದರ ಕಥೆ ‘ಮೌಜಿ’ ಎಂಬುವನ ಹೆಸರಿನ ಬೌದ್ಧ ಸಂವಾದ ಗ್ರಂಥದಲ್ಲಿದೆ. ಹಾನ್ ವಂಶದ ಕೊನೆಗಾಲದ್ದೆಂದು ಪರಂಪರೆ ಹೇಳುವ ಈ ಗ್ರಂಥವನ್ನು ಆರನೆಯ ಶತಮಾನದ ಆರಂಭದಲ್ಲಿ ಭಿಕ್ಷು ಸೆಂಗ್‌ಯೌ ತನ್ನ ಸಂಕಲನದಲ್ಲಿ ಸೇರಿಸಿ ಉಳಿಸಿದ್ದಾನೆ. ಗೊಂಗ್‌ಮಿಂಗ್ ಯಿ ಎಂಬ ವಾದಕ ಹಸುವಿನ ಮುಂದೆ ಗಂಭೀರವಾದ ರಾಗವೊಂದನ್ನು ನುಡಿಸುತ್ತಾನೆ. ಹಸು ತಲೆಯೆತ್ತದೆ ಹುಲ್ಲು ಮೇಯುತ್ತದೆ. ಆಗ ಅವನು ಸೊಳ್ಳೆ, ತೊಣಚಿಗಳ ಗುಂಯ್‌ಗುಡುವಿಕೆಯನ್ನೂ ತಾಯಿಯನ್ನು ಅಗಲಿದ ಕರುವಿನ ಕೂಗನ್ನೂ ತಂತಿಯಲ್ಲಿ ಹೊರಡಿಸುತ್ತಾನೆ. ಹಸು ಬಾಲ ಬೀಸಿ, ಕಿವಿ ನಿಮಿರಿಸಿ, ಅತ್ತಿತ್ತ ಹೆಜ್ಜೆಯಿಡುತ್ತ ಆಲಿಸುತ್ತದೆ.

ಈ ಕಥೆಯನ್ನು ಹೇಳಿದ ಸಂದರ್ಭ ಮುಖ್ಯವಾದುದು. ಬುದ್ಧನ ಧರ್ಮವನ್ನು ಸಮರ್ಥಿಸುವ ಮೌಜಿ, ಬೌದ್ಧ ಸೂತ್ರಗಳನ್ನು ಬಿಟ್ಟು ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೇ ಉದ್ಧರಿಸುವುದೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವನಿಗೆ ತಿಳಿದಿರುವ ನುಡಿಯಲ್ಲಿಯೇ ಹೇಳಬೇಕೆಂಬುದು ಅವನ ಉತ್ತರ. ಹಸುವಿನ ಕಥೆ ಅದಕ್ಕೆ ದೃಷ್ಟಾಂತ. ಹಸುವಿಗೆ ಕಿವಿಯಿಲ್ಲವೆಂದಾಗಲಿ ಬುದ್ಧಿಯಿಲ್ಲವೆಂದಾಗಲಿ ಕಥೆ ಹೇಳುವುದಿಲ್ಲ. ಮೊದಲ ರಾಗ ಅದರ ಕಿವಿಗೆ ಒಗ್ಗಲಿಲ್ಲ ಎಂದಷ್ಟೇ ಹೇಳುತ್ತದೆ. ಬಳಕೆಯಲ್ಲಿ ಕಥೆಯ ಉತ್ತರಾರ್ಧ ಮರೆಯಾಗಿ, ನಾಲ್ಕಕ್ಷರದ ನುಡಿಗಟ್ಟು ಮಂದಮತಿಯಾದ ಕೇಳುಗನ ಹೀಯಾಳಿಕೆಯಾಗಿ ರೂಢವಾಯಿತು. ಆದರೂ ಕೇಳುಗನನ್ನು ಅರಿಯದೆ ಮಾತಾಡುವವನ ಟೀಕೆಯಾಗಿಯೂ ಅದನ್ನು ಬಳಸುವುದುಂಟು.

ಕನ್ನಡದ ಕಿನ್ನರಿಯ ಹಿನ್ನೆಲೆ ಭಿನ್ನವಾದುದು. ಛಿನ್ ಚೀನಾದ ವಿದ್ವಾಂಸವರ್ಗದ ವಾದ್ಯವಾದರೆ, ಸೋರೆಬುರುಡೆಗಳನ್ನು ಕಟ್ಟಿದ ಕಿನ್ನರಿ ಊರೂರು ತಿರುಗಿ ಕಥೆ ಹಾಡುವ ಕಿನ್ನರಿ ಜೋಗಿಗಳ ಕೈಯಲ್ಲಿ ಉಳಿದುಬಂದ ವಾದ್ಯ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿ ರಚಿತವಾದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ ಕಿನ್ನರಿಯ ಪ್ರಭೇದಗಳನ್ನು ವಿವರಿಸುತ್ತದೆ. ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿಗೇ ಈ ವಾದ್ಯ ಸೇರಿಕೊಂಡಿದೆ. ಹೀಗಿರುವಾಗ ನಮ್ಮ ಗಾದೆಯನ್ನು ‘ಶಿಷ್ಟ ಕಲೆಯನ್ನರಿಯದ ಗ್ರಾಮ್ಯ’ ಎಂಬ ಅರ್ಥಕ್ಕೆ ಇಳಿಸುವುದು ಸರಿಯಲ್ಲ. ಜನರ ನಡುವಿನ ವಾದ್ಯವೇ ಇಲ್ಲಿದೆ. ಕೋಣ-ಕಿನ್ನರಿ ಎಂಬ ಕಕಾರದ ಪ್ರಾಸವೂ ಜೋಡಿಯನ್ನು ಬಿಗಿಗೊಳಿಸಿದೆ. ಮರಾಠಿಯ ಕತ್ತೆಯಂತೂ ತನ್ನ ಅಭಿರುಚಿಯನ್ನು ತಾನೇ ಬಾಯಿಬಿಟ್ಟು ಹೇಳುತ್ತದೆ. ಅದಕ್ಕೆ ಕೇಳುವ ಶಕ್ತಿಯಿದೆ, ತುಲನೆ ಮಾಡುವ ಶಕ್ತಿಯೂ ಇದೆ. ಹೀಗೆ ಒಂದೇ ಚಿತ್ರದ ನಾಲ್ಕು ರೂಪಗಳಲ್ಲಿ ಕೇಳುಗನ ಸ್ಥಾನ ನಾಲ್ಕು ಬಗೆಯದಾಗಿದೆ: ಕನ್ನಡದ ಕೋಣ ಮೌನಿ, ಉರ್ದುವಿನ ಎಮ್ಮೆ ಉದಾಸೀನ, ಮರಾಠಿಯ ಕತ್ತೆ ವಿಮರ್ಶಕ, ಚೀನೀ ಹಸು ತನ್ನ ನುಡಿ ಕೇಳಿಬಂದಾಗ ಕಿವಿಗೊಡುವ ಕೇಳುಗ.

4. ಕಾಗೆಯ ಟೊಂಗೆ, ಮೊಲದ ಬೊಡ್ಡೆ

ಆಕಸ್ಮಿಕವನ್ನು ಕುರಿತ ನುಡಿಗಟ್ಟುಗಳು ಎರಡೂ ಪರಂಪರೆಗಳಲ್ಲಿವೆ. ಸಂಸ್ಕೃತದ ‘ಕಾಕತಾಲೀಯ’ ಎಂಬ ಪದದ ರಚನೆಗೆ ಪಾಣಿನಿಯ ಸೂತ್ರವೊಂದು (5.3.106) ಆಧಾರ. ಕಾಗೆ ಬರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಹೊಂದಿಕೆಯಾಗಿ ಕಾಗೆ ಸತ್ತಿತೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಕನ್ನಡದಲ್ಲಿ ಅದು ‘ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು’ ಎಂದಾಗಿದೆ. ತಾಳೆಯ ಹಣ್ಣು ಮುರಿದ ಟೊಂಗೆಯಾದುದು ಕೇವಲ ವಸ್ತುವಿನ ಬದಲಾವಣೆಯಲ್ಲ. ಸಂಸ್ಕೃತದ ಕಾಗೆ ಆಕಸ್ಮಿಕಕ್ಕೆ ಬಲಿಯಾದರೆ ಕನ್ನಡದ ಕಾಗೆ ಅಪವಾದಕ್ಕೆ ಗುರಿಯಾಗುತ್ತದೆ. ಟೊಂಗೆ ಒಳಗೇ ಟೊಳ್ಳಾಗಿತ್ತು; ಕೂತದ್ದಷ್ಟೇ ಕಾಗೆಯ ತಪ್ಪು. ಆದ್ದರಿಂದಲೇ ಈ ಗಾದೆ ಊರಿನ ನ್ಯಾಯಪಂಚಾಯ್ತಿಯ ಮಾತಿನಲ್ಲಿ ನಿರಪರಾಧಿಯ ಪರವಾದ ವಾದವಾಗಿ ಸಲ್ಲುತ್ತದೆ.

ಚೀನೀ ಭಾಷೆಯ ‘ಷೌ ಚೂ ದಾಯ್ ಥೂ’ (‘ಮರದ ಬೊಡ್ಡೆಯ ಬಳಿ ಮೊಲಕ್ಕಾಗಿ ಕಾಯುವುದು’) ಎಂಬ ನುಡಿಗಟ್ಟು ಇದೇ ಬಗೆಯ ಘಟನೆಯಿಂದ ಆರಂಭವಾಗಿ ಮುಂದಕ್ಕೆ ಸಾಗುತ್ತದೆ. ಕ್ರಿಸ್ತಪೂರ್ವ 233ರಲ್ಲಿ ನಿಧನನಾದ ರಾಜನೀತಿಜ್ಞ ಹಾನ್ ಫೇಯ್‌ಯ ಗ್ರಂಥದಲ್ಲಿ ಇದರ ಕಥೆಯಿದೆ. ಸೋಂಗ್ ರಾಜ್ಯದ ರೈತನೊಬ್ಬನ ಹೊಲದಲ್ಲಿ ಓಡಿಬಂದ ಮೊಲ ಮರದ ಬೊಡ್ಡೆಗೆ ಬಡಿದು ಕುತ್ತಿಗೆ ಮುರಿದು ಸಾಯುತ್ತದೆ. ರೈತ ನೇಗಿಲನ್ನು ಕೈಬಿಟ್ಟು ಇನ್ನೊಂದು ಮೊಲಕ್ಕಾಗಿ ಬೊಡ್ಡೆಯ ಬಳಿ ಕಾಯುತ್ತ ಕೂಡುತ್ತಾನೆ. ಮೊಲ ಬರಲಿಲ್ಲ, ಅವನು ರಾಜ್ಯಕ್ಕೇ ನಗೆಪಾಟಲಾದ. ಇಂದು ಇದನ್ನು ಸೋಮಾರಿತನದ ಕಥೆಯೆಂದು ಓದುವುದು ವಾಡಿಕೆ. ಹಾನ್ ಫೇಯ್ ಇದನ್ನು ಬಳಸಿದ್ದಾದರೋ ಪ್ರಾಚೀನ ರಾಜರ ಆಡಳಿತಕ್ರಮದಿಂದಲೇ ಈ ಕಾಲದ ಪ್ರಜೆಗಳನ್ನು ಆಳಬಯಸುವವರ ವಿರುದ್ಧ. ಹಿಂದೊಮ್ಮೆ ಫಲಿಸಿದ್ದು ಎಂದೆಂದಿಗೂ ಫಲಿಸುವುದೆಂದು ನಂಬುವವನೇ ಅವನ ದೃಷ್ಟಿಯಲ್ಲಿ ಬೊಡ್ಡೆ ಕಾಯುವ ರೈತ. ಸಂದರ್ಭವನ್ನು ಕಳಚಿದಾಗ ರಾಜನೀತಿಯ ಹರಿತವಾದ ವಾದವೊಂದು ಮಕ್ಕಳ ನೀತಿಪಾಠದ ಮಟ್ಟಕ್ಕಿಳಿಯುವುದಕ್ಕೆ ಇದು ಸ್ಪಷ್ಟ ನಿದರ್ಶನ.

5. ಮೂವರ ಹುಲಿ, ಮೂವರ ನಾಯಿ

ಸುಳ್ಳು ಪುನರುಕ್ತಿಯಿಂದ ಸತ್ಯದ ರೂಪ ಪಡೆಯುವ ಬಗೆಯನ್ನು ಎರಡೂ ನಾಡಿನ ಕಥೆಗಳು ಗುರುತಿಸಿವೆ. ಎರಡರಲ್ಲಿಯೂ ಮೂರು ಎಂಬ ಸಂಖ್ಯೆಯೇ ಇರುವುದು ಗಮನಾರ್ಹ. ‘ಸಾನ್ ರೆನ್ ಚೆಂಗ್ ಹೂ’ ಎಂದರೆ ‘ಮೂವರು ಸೇರಿದರೆ ಹುಲಿ’. ಚೀನಾದ ಯುದ್ಧರತ ರಾಜ್ಯಗಳ ಕಾಲದ ಮಂತ್ರಾಲೋಚನೆಗಳ ಸಂಕಲನದಲ್ಲಿ ಈ ಕಥೆಯಿದೆ. ವೇಯ್ ರಾಜ್ಯದ ಯುವರಾಜನನ್ನು ಒತ್ತೆಯಾಳಾಗಿ ಪರರಾಜ್ಯಕ್ಕೆ ಕರೆದೊಯ್ಯಬೇಕಾದ ಪಾಂಗ್ ತ್ಸೋಂಗ್ ಎಂಬ ಅಧಿಕಾರಿ ರಾಜನನ್ನು ಕೇಳುತ್ತಾನೆ: ಪೇಟೆಯಲ್ಲಿ ಹುಲಿಯಿದೆಯೆಂದು ಒಬ್ಬ ಹೇಳಿದರೆ ನಂಬುವಿರಾ? ರಾಜ ಇಲ್ಲವೆನ್ನುತ್ತಾನೆ. ಇಬ್ಬರು ಹೇಳಿದರೆ ಸಂದೇಹವುಂಟಾಗುತ್ತದೆ. ಮೂವರು ಹೇಳಿದರೆ ನಂಬುವೆ ಎನ್ನುತ್ತಾನೆ. ಪೇಟೆ ಅರಮನೆಗೆ ಹತ್ತಿರ, ತಾನು ಹೋಗಲಿರುವ ಊರು ದೂರ, ತನ್ನ ಮೇಲೆ ಚಾಡಿ ಹೇಳುವವರು ಮೂವರಿಗಿಂತ ಹೆಚ್ಚು ಎಂದು ಪಾಂಗ್ ತ್ಸೋಂಗ್ ಎಚ್ಚರಿಸಿ ಹೊರಡುತ್ತಾನೆ. ಹಿಂತಿರುಗಿದಾಗ ಅವನಿಗೆ ರಾಜದರ್ಶನ ದೊರೆಯಲಿಲ್ಲ. ಎಚ್ಚರಿಕೆಯನ್ನು ಒಪ್ಪಿಕೊಂಡ ರಾಜನೇ ಚಾಡಿಗೆ ಸೋತ.

ಸಂಸ್ಕೃತ ಪಂಚತಂತ್ರದ ಕಾಕೋಲೂಕೀಯ ಭಾಗದಲ್ಲಿ ಬರುವ ಕಥೆ ನಮಗೆಲ್ಲ ಪರಿಚಿತ. ಆಡನ್ನು ಹೆಗಲ ಮೇಲೆ ಹೊತ್ತು ಸಾಗುವ ಬ್ರಾಹ್ಮಣನನ್ನು ಮೂವರು ಠಕ್ಕರು ದಾರಿಯ ಬೇರೆ ಬೇರೆ ಕಡೆ ಎದುರಾಗಿ, ಇದೇನು ಪ್ರಾಣಿಯನ್ನು ಹೊತ್ತಿರುವೆ ಎಂದು ಕೇಳಿ ಭ್ರಮೆ ಹುಟ್ಟಿಸುತ್ತಾರೆ. ಕೊನೆಗೆ ಅವನು ಆಡನ್ನು ಎಸೆದು ಓಡುತ್ತಾನೆ. ಚೀನೀ ರಾಜ ತಾನು ಕಾಣದ ಹುಲಿಯನ್ನು ನಂಬಿದರೆ, ನಮ್ಮ ಬ್ರಾಹ್ಮಣ ತನ್ನ ಹೆಗಲ ಮೇಲಿನ ಆಡನ್ನೇ ನಂಬದಾಗುತ್ತಾನೆ. ಒಂದು ಅರಮನೆಯ ಕಿವಿಯನ್ನು ಕುರಿತದ್ದು, ಇನ್ನೊಂದು ವ್ಯಕ್ತಿಯ ಆತ್ಮವಿಶ್ವಾಸವನ್ನು ಕುರಿತದ್ದು. ಪಂಚತಂತ್ರ ದುರ್ಗಸಿಂಹನ ಮೂಲಕ 1031ರ ಸುಮಾರಿಗೆ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿ, ಚಂಪೂರೂಪದಲ್ಲಿ ಕನ್ನಡಕ್ಕೆ ಬಂದಿತು. ಅವನು ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು ಎಂಬುದು ಪ್ರಾಣಿಕಥೆಗಳಿಗೆ ಒಂದೇ ಮೂಲಪಾಠವೆಂಬುದಿಲ್ಲ ಎಂಬುದಕ್ಕೆ ನಮ್ಮ ಸಾಹಿತ್ಯದೊಳಗಿನ ಸಾಕ್ಷ್ಯ. ಚೀನೀ ಕಥೆ ಗಟ್ಟಿಯಾಗಿ ನಾಲ್ಕಕ್ಷರವಾಯಿತು. ನಮ್ಮ ಕಥೆ ಕಥೆಯಾಗಿಯೇ ಉಳಿದು, ಹೇಳಿದವರ ಬಾಯಲ್ಲಿ ಬೆಳೆಯುತ್ತ ಹೋಯಿತು.

6. ಪ್ರಯಾಣ ಮಾಡಿದ ಆನೆ

ಮೇಲಿನ ಸಾಮ್ಯಗಳನ್ನು ಕಂಡು ಒಂದು ಇನ್ನೊಂದರಿಂದ ಬಂದಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಹುಲ್ಲು ಮೇಯುವ ದನ, ವಾದ್ಯ ನುಡಿಸುವ ಮನುಷ್ಯ ಎರಡೂ ನಾಡಿನಲ್ಲಿರುವುದರಿಂದ ಚಿತ್ರ ಸ್ವತಂತ್ರವಾಗಿಯೂ ಹುಟ್ಟಬಹುದು. ಪ್ರಸರಣವನ್ನು ಪ್ರತಿಪಾದಿಸಲು ನಡುವಿನ ಪಠ್ಯದ ಆಧಾರ ಬೇಕು. ಅಂಥ ಆಧಾರವಿರುವ ಉದಾಹರಣೆ ‘ಮಾಂಗ್ ರೆನ್ ಮೋ ಷ್ಯಾಂಗ್’, ಅಂದರೆ ‘ಕುರುಡರು ಆನೆಯನ್ನು ಮುಟ್ಟಿದ್ದು’. ಇದು ನಮ್ಮ ಅಂಧಗಜ ನ್ಯಾಯವೇ. ಪಾಲಿ ‘ಉದಾನ’ದಲ್ಲಿ ಬರುವ ಈ ಕಥೆ, ಮೂರನೆಯ ಶತಮಾನದಲ್ಲಿ ಕಾಂಗ್ ಸೆಂಗ್‌ಹುಯಿ ಚೀನೀ ಭಾಷೆಗೆ ತಂದ ಜಾತಕ ಸಂಗ್ರಹದಲ್ಲಿಯೂ, ಐದನೆಯ ಶತಮಾನದ ಮೊದಲ ಭಾಗದಲ್ಲಿ ಧರ್ಮಕ್ಷೇಮನು ಅನುವಾದಿಸಿದ ಮಹಾಪರಿನಿರ್ವಾಣ ಸೂತ್ರದಲ್ಲಿಯೂ ಕಾಣಿಸಿಕೊಂಡಿತು. ಸಂಸಾರದ ವಾದವಿವಾದಗಳ ನಿರರ್ಥಕತೆಯನ್ನು ಬೌದ್ಧರು ಇದರಿಂದ ತೋರಿಸಿದರೆ, ಜೈನರು ಅನೇಕಾಂತವಾದಕ್ಕೆ ಇದನ್ನೇ ದೃಷ್ಟಾಂತವಾಗಿ ಬಳಸಿದರು. ಮೊದಲಿನವರಿಗೆ ಪ್ರತಿಯೊಬ್ಬ ಕುರುಡನೂ ತಪ್ಪು. ಎರಡನೆಯವರಿಗೆ ಪ್ರತಿಯೊಬ್ಬನೂ ಅಂಶತಃ ಸರಿ.

ಭೀಮಾ ತೀರಕ್ಕೆ ಈ ಚರಿತ್ರೆ ಹೊರಗಿನದಲ್ಲ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಹಾಯ್ದು ಕೆಳಗೆ ಹರಿಯುವ ಭೀಮೆಯ ದಂಡೆಯಲ್ಲಿಯೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಮಹಾಸ್ತೂಪವಿದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪದೊಂದಿಗೆ ಜಾತಕ ಕಥೆಗಳ ಫಲಕಗಳೂ ಬೆಳಕಿಗೆ ಬಂದವು. ಚೀನಾಕ್ಕೆ ಹಸ್ತಪ್ರತಿಗಳ ಮೂಲಕ ಸಾಗಿದ ಕಥಾಪರಂಪರೆಯ ಒಂದು ಶಾಖೆಯನ್ನು ಈ ನಾಡಿನವರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಲ್ಲಿನಲ್ಲಿ ನೋಡುತ್ತಿದ್ದರು. ಅಲ್ಲಿಂದ ಇಲ್ಲಿಗೆ ನೇರ ದಾರಿ ಎಳೆಯುವುದು ಈ ಮಾತಿನ ಉದ್ದೇಶವಲ್ಲ. ಇವೆರಡೂ ಒಂದೇ ದೊಡ್ಡ ಕಥಾಲೋಕದ ಭಾಗಗಳಾಗಿದ್ದವು ಎಂಬುದಷ್ಟೇ ಇಲ್ಲಿ ಗ್ರಾಹ್ಯ.

7. ಕಥೆಯಿಲ್ಲದ ಗಾದೆ: ಅನುಭವವೇ ಆಕರ

ಎಲ್ಲ ಪ್ರಾಣಿ ಗಾದೆಗಳ ಹಿಂದೆಯೂ ಕಥೆ ಇರುವುದಿಲ್ಲ. ಈ ಭಾಗದ ಉಚ್ಚಾರಣೆಯಲ್ಲಿ ‘ಎತ್ತು ಏರಿಗಿ ಎಳದ್ರ ಕ್ವಾಣ ನೀರಿಗಿ ಎಳೀತು’ ಎಂಬ ಗಾದೆಯನ್ನು ಪರಿಶೀಲಿಸಬಹುದು. ಹೊಂದಾಣಿಕೆಯಿಲ್ಲದ ಜೋಡಿಯೆಂಬ ಅರ್ಥವನ್ನು ಎಲ್ಲರೂ ಬರೆಯುತ್ತಾರೆ. ಕೋಣ ನೀರಿಗೇ ಏಕೆ ಎಳೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ದನ ಕಟ್ಟಿದವರಿಗೆ ಮಾತ್ರ ಗೊತ್ತು. ಕೋಣದ ತೊಗಲು ಕಪ್ಪು. ಬೆವರಿನ ಗ್ರಂಥಿಗಳು ದನಕ್ಕಿಂತ ಬಹಳ ಕಡಿಮೆ. ಬಿಸಿಲು ಏರಿದಂತೆ ಮೈ ತಣಿಸಿಕೊಳ್ಳಲು ಅದಕ್ಕೆ ನೀರು, ಕೆಸರು ಬೇಕೇಬೇಕು. ಎತ್ತು ಬಿಸಿಲನ್ನು ತಾಳಿ ಏರಿನತ್ತ ದುಡಿಯಬಲ್ಲದು. ಆದ್ದರಿಂದ ಗಾದೆಯಲ್ಲಿ ಕೋಣದ ಹಟಮಾರಿತನದ ನಿಂದೆಯಿಲ್ಲ. ಎರಡು ದೇಹಗಳ ಎರಡು ನಿಜವಾದ ಅಗತ್ಯಗಳನ್ನು ಅರಿಯದೆ ಒಂದೇ ನೊಗಕ್ಕೆ ಹೂಡಿದ ಒಕ್ಕಲಿಗನ ತಪ್ಪೇ ಅದರ ಗುರಿ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು’ ಎಂಬುದೂ ಹೀಗೆಯೇ. ಕಾದ ಕಬ್ಬಿಣದಿಂದ ಬರೆ ಹಾಕುವುದು ದನಗಳ ನಾಟಿ ಚಿಕಿತ್ಸೆಯಾಗಿತ್ತು ಎಂಬುದನ್ನು ತಿಳಿಯದ ವಿದ್ಯಾರ್ಥಿ, ಇಲ್ಲಿಯ ಬರೆಯನ್ನು ಶಿಕ್ಷೆಯೆಂದೇ ಗ್ರಹಿಸುತ್ತಾನೆ. ರೋಗನಿದಾನವನ್ನು ಕುರಿತ ಗಾದೆ ಅನ್ಯಾಯವನ್ನು ಮಾತ್ರ ಕುರಿತದ್ದಾಗಿ ಸಂಕುಚಿತಗೊಳ್ಳುತ್ತದೆ.

ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಓಡಿಸುವ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವ ಈ ಎರೆನೆಲದಲ್ಲಿಯೂ ಟ್ರ್ಯಾಕ್ಟರು ನೇಗಿಲಿನ ಸ್ಥಾನವನ್ನು ಬಹುವಾಗಿ ಆಕ್ರಮಿಸಿದೆ. ಚೀನೀ ನುಡಿಗಟ್ಟಿನ ಕಥೆ ಗ್ರಂಥದಲ್ಲಿ ದಾಖಲಾಗಿರುವುದರಿಂದ ಮರೆತರೂ ಮರಳಿ ಪಡೆಯಲು ಸಾಧ್ಯ. ನಮ್ಮ ಗಾದೆಗಳ ವ್ಯಾಖ್ಯಾನವಾದರೋ ಕೊಟ್ಟಿಗೆಯಲ್ಲಿ, ಹೊಲದಲ್ಲಿ, ಹಿರಿಯರ ನೆನಪಿನಲ್ಲಿದೆ. ಆ ಬದುಕು ಬದಲಾದಾಗ ಗಾದೆಯ ಶಬ್ದ ಉಳಿದು ಅರ್ಥ ಹೋಗುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪ್ರಾಣಿಯ ಚಿತ್ರ ಒಂದೇ ಆಗಿದ್ದರೂ ಹೇಳಿದ ಸಂದರ್ಭಕ್ಕನುಗುಣವಾಗಿ ಅರ್ಥ ಬೇರೆಯಾಗುತ್ತದೆ. ಎರಡು, ನುಡಿಗಟ್ಟುಗಳ ಸಾಮ್ಯ ಮಾತ್ರದಿಂದ ಪ್ರಭಾವವನ್ನು ಸ್ಥಾಪಿಸಲಾಗದು. ಅಂಧಗಜದಂತೆ ಪಠ್ಯದ ಆಧಾರವಿರುವೆಡೆ ಮಾತ್ರ ಅದು ಸಾಧ್ಯ. ಮೂರು, ಗಾದೆಯ ಸಂಗ್ರಹವೆಂದರೆ ವಾಕ್ಯದ ಸಂಗ್ರಹವಷ್ಟೇ ಆಗಬಾರದು. ಹೇಳಿದವರ ಕಸುಬು, ಹೇಳಿದ ಸಂದರ್ಭ, ಹಿಂದಿನ ಕಥೆ ಅಥವಾ ಅನುಭವ, ನೆರೆಯ ಭಾಷೆಯ ಸಮಾನ ರೂಪ ಈ ನಾಲ್ಕನ್ನೂ ಒಳಗೊಂಡ ದಾಖಲೆ ಇಂದಿನ ಅಗತ್ಯ. ಆಳಂದ, ಅಫಜಲಪುರ, ಜೇವರ್ಗಿಯಂಥ ಬಹುಭಾಷಿಕ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳೇ ಈ ಕೆಲಸಕ್ಕೆ ಅತ್ಯಂತ ಅರ್ಹರು. ಮನೆಯಲ್ಲಿ ದಖನಿಯನ್ನೋ ಮರಾಠಿಯನ್ನೋ ಆಡುವ ವಿದ್ಯಾರ್ಥಿಯ ನುಡಿಸಂಪತ್ತು ಕನ್ನಡ ತರಗತಿಯ ಕೊರತೆಯೆಂದು ಎಣಿಸಲ್ಪಡದೆ ಆಕರವೆಂದು ಪರಿಗಣಿತವಾಗಬೇಕು.

ಪಾಠ ತಲೆಗೆ ಹತ್ತದ ವಿದ್ಯಾರ್ಥಿಯನ್ನು ಕುರಿತು ‘ಕೋಣನ ಮುಂದೆ ಕಿನ್ನರಿ’ ಎನ್ನುವುದು ಅಧ್ಯಾಪಕ ವರ್ಗದಲ್ಲಿ ಹೊಸತಲ್ಲ. ಗೊಂಗ್‌ಮಿಂಗ್ ಯಿಯ ಕಥೆಯ ಉತ್ತರಾರ್ಧವನ್ನು ಅರಿತ ಮೇಲೆ ಈ ಗಾದೆಯನ್ನು ಅಷ್ಟು ಸಲೀಸಾಗಿ ಬಳಸುವುದು ಕಷ್ಟ. ಮೊದಲ ರಾಗ ಫಲಿಸದಾಗ ಅವನು ಹಸುವನ್ನು ಜರೆಯಲಿಲ್ಲ. ಅದೇ ವಾದ್ಯದಲ್ಲಿ ಕರುವಿನ ಕೂಗನ್ನು ನುಡಿಸಿದ.